ಇಸ್ತ್ರಿ ಪ್ಯಾಂಟಿನ ಜೇಬಿಗೊಂದು ಚಾಕು

ಎರಡು ವರ್ಷಗಳ ಹಿಂದಿನ ಒಂದು ಏಪ್ರಿಲ್ ಮಧ್ಯಾಹ್ನ ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ನಾನು ಲೆಕ್ಕಪರಿಶೋಧನೆಯ ಕೆಲಸದವನು. ಮಾರ್ಚ್ ಮುಗಿದ ಮೇಲೆ ಮೂರ್ನಾಲ್ಕು ತಿಂಗಳು ಬೇರೆ ಬೇರೆ ಸಂಸ್ಥೆಗಳ ಕಚೇರಿಗೆ ಹೋಗಿ, ಅವರು ತೋರಿಸಿದ ಕೋಣೆಯಲ್ಲಿ ಕುಳಿತು, ತಿಂಗಳವಾರು ಕಟ್ಟಿಟ್ಟ ವೋಚರುಗಳನ್ನು ಬಿಚ್ಚಿ ನೋಡುವುದೇ ನಮ್ಮ ದಿನಚರಿ. ಎಲ್ಲ ಲೆಕ್ಕವೂ ಕಂಪ್ಯೂಟರಿಗೆ ಬಂದಿದ್ದರೂ ಮೂಲ ಬಿಲ್ಲುಗಳು ಮಾತ್ರ ಈಗಲೂ ಸೆಣಬಿನ ದಾರದಲ್ಲಿ ಬಿಗಿದ ಕಟ್ಟುಗಳಾಗಿಯೇ ಗೋದಾಮಿನಿಂದ ಬರುತ್ತವೆ. ಆ ಗಂಟುಗಳನ್ನು ಹಾಕಿದವರು ಯಾರೂ ಅವನ್ನು ಮತ್ತೆ ಬಿಚ್ಚಬೇಕಾದೀತೆಂದು ಯೋಚಿಸಿರುವುದಿಲ್ಲ; ಉಗುರಿನಿಂದ ಬಿಚ್ಚಹೊರಟರೆ ಉಗುರು ಕಿತ್ತುಬರುತ್ತದೆ, ಹಲ್ಲಿನಿಂದ ಎಳೆದರೆ ಧೂಳು ಬಾಯಿಗೆ ಬರುತ್ತದೆ. ಆ ದಿನ ಅಂಥ ಕಟ್ಟೊಂದು ಮೇಜಿಗೆ ಬಂದಾಗ ನಾನು ಜೇಬಿನಿಂದ ಹೊಸದಾಗಿ ಕೊಂಡಿದ್ದ ಚಾಕುವನ್ನು ತೆಗೆದೆ. ಕಪ್ಪು ಬಣ್ಣ ಲೇಪಿಸಿದ ಅಲಗು, ಸುಮಾರು 9 ಸೆಂಟಿಮೀಟರ್ ಉದ್ದ, ಹೆಬ್ಬೆರಳಿನಿಂದ ನೂಕಿದರೆ ತಾನಾಗಿ ಹೊರಬಂದು ಲಾಕ್ ಆಗುವ ವ್ಯವಸ್ಥೆ. ತೆರೆದುಕೊಂಡಾಗ ಅದು ‘ಟಕ್’ ಎಂದಿತು. ಎದುರಿಗೆ ಕುಳಿತಿದ್ದ, ನಮ್ಮಲ್ಲಿ ಆರ್ಟಿಕಲ್‌ಶಿಪ್‌ಗೆ, ಅಂದರೆ ಲೆಕ್ಕಪರಿಶೋಧಕರ ಕೈಕೆಳಗಿನ ಕಲಿಕೆಗೆ, ಸೇರಿ ಒಂದು ವಾರವೂ ಆಗಿರದ ಹುಡುಗಿಯ ಕುರ್ಚಿ ಒಂದು ಅಡಿ ಹಿಂದಕ್ಕೆ ಸರಿಯಿತು.

ಆಕೆ ಬೇಕೆಂದು ಸರಿಸಿದ್ದಲ್ಲ. ಸರಿಸಿದ್ದು ಆಕೆಗೆ ಗೊತ್ತಾಗಿತ್ತೋ ಇಲ್ಲವೋ. ನಾನು ದಾರ ಕತ್ತರಿಸಿ ಚಾಕುವನ್ನು ಮಡಚಿ ಒಳಗಿಟ್ಟುಕೊಂಡೆ, ಕೆಲಸ ಮುಂದುವರಿಯಿತು. ಊಟಕ್ಕೆಂದು ಮೆಟ್ಟಿಲಿಳಿಯುವಾಗ ನಮ್ಮ ಹಿರಿಯ ಪಾಲುದಾರರು ನನ್ನ ಜೊತೆಗೇ ಇಳಿಯುತ್ತ, ಧ್ವನಿ ಏರಿಸದೆ ಎರಡೇ ಮಾತು ಹೇಳಿದರು: “ಚಾಕು ಇಟ್ಟುಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಆ ಚಾಕು ಇಟ್ಟುಕೊಳ್ಳಬೇಡಿ.”

ಅವರ ಮಾತಿನಲ್ಲಿದ್ದ ‘ಆ’ ಎಂಬ ಒಂದಕ್ಷರವನ್ನು ಬಿಡಿಸಿಕೊಳ್ಳಲು ನನಗೆ ಬಹಳ ತಿಂಗಳು ಬೇಕಾದವು. ಕಚೇರಿಯ ಉಡುಪಿನ ಜೊತೆ ಇಟ್ಟುಕೊಳ್ಳಬಹುದಾದ ಚಾಕು ಯಾವುದು ಎಂದು ಹುಡುಕುವಾಗ ನಾನು ಮೊದಲು ‘ಕಾಣದಂತಿರುವ’ ಚಾಕುವನ್ನು ಹುಡುಕಿದ್ದೆ. ಜೇಬಿನ ಆಳದಲ್ಲಿ ಕೂರುವ, ಕ್ಲಿಪ್ಪಿನ ತುದಿಯೂ ಹೊರಗೆ ಇಣುಕದ, ಕಪ್ಪು ಪ್ಯಾಂಟಿಗೆ ಕಪ್ಪಾಗಿಯೇ ಬೆರೆಯುವ ಚಾಕು. ಆ ಮಟ್ಟಿಗೆ ನನ್ನ ಮೊದಲ ಆಯ್ಕೆ ಸರಿಯಾಗಿಯೇ ಇತ್ತು. ಆರು ವಾರ ಅದು ನನ್ನ ಜೇಬಿನಲ್ಲಿದ್ದದ್ದು ಯಾರಿಗೂ ತಿಳಿದಿರಲಿಲ್ಲ. ಆದರೆ ಚಾಕು ಇರುವುದು ಜೇಬಿನೊಳಗೆ ಕುಳಿತಿರುವುದಕ್ಕಲ್ಲ. ಅದು ದಿನಕ್ಕೆ ಎರಡು ಸಲವಾದರೂ ಹೊರಗೆ ಬರಬೇಕು, ನಾಲ್ಕು ಜನರ ನಡುವೆ ಬರಬೇಕು. ಹೊರಗೆ ಬಂದ ಆ ಅರ್ಧ ನಿಮಿಷದಲ್ಲಿ ಅದು ಎದುರಿಗಿದ್ದವರಿಗೆ ಏನಾಗಿ ಕಾಣುತ್ತದೆ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ತಾಲ್ಲೂಕು ಕಚೇರಿಯ ಮೇಜು

ನಮ್ಮ ಅಜ್ಜನ ಬಳಿ ಒಂದು ಮಡಚುವ ಚಾಕು ಇತ್ತು. ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಕತ್ತಿಗಳಿಗೆ ಕೊರತೆಯಿಲ್ಲ. ಅಡಿಕೆ ಸುಲಿಯಲು ಮೆಟ್ಟುಗತ್ತಿ, ಕವಳಕ್ಕೆ ಅಡಕತ್ತರಿ, ಸೊಪ್ಪು ಕಡಿಯಲು, ಬೇಲಿ ಸವರಲು ಬೇರೆ ಬೇರೆ ಕತ್ತಿ ಹೀಗೆ ಪ್ರತಿ ಕೆಲಸಕ್ಕೂ ಒಂದೊಂದು ಇರುತ್ತಿತ್ತು. ಇವೆಲ್ಲ ಮನೆಯವು, ಕೊಟ್ಟಿಗೆಯವು. ಮಡಚುವ ಚಾಕು ಮಾತ್ರ ಅಜ್ಜನದು. ಅದು ಕವಳದ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇರುತ್ತಿತ್ತು. ವೀಳ್ಯದೆಲೆಯ ತೊಟ್ಟು ಮುರಿಯುವ ಬದಲು ಅಜ್ಜ ಅದರಿಂದ ಕೊಯ್ಯುತ್ತಿದ್ದರು. ಕಸಿ ಕಟ್ಟುವಾಗ, ಬಾಳೆಪಟ್ಟೆ ಸೀಳುವಾಗ, ಹಲಸಿನ ಹಣ್ಣಿನ ಮೇಣ ಕೆರೆಯುವಾಗಲೂ ಅದೇ. ಅಲಗು ಹೊಳೆಯುತ್ತಿರಲಿಲ್ಲ. ಎಳೆ ಅಡಿಕೆಯ ಚೊಗರು ತಾಗಿದ ಕಬ್ಬಿಣ ಕಪ್ಪಾಗುತ್ತದೆ, ಹಲವು ವರ್ಷ ತಾಗಿದರೆ ಆ ಕಪ್ಪು ಮಸಿಯ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಹರಿತವಿರುವ ಅಂಚಿನ ಒಂದು ಗೆರೆಯಷ್ಟೇ ಬೆಳ್ಳಗೆ ಕಾಣುತ್ತಿತ್ತು.

ನನಗೆ ಎಂಟೋ ಒಂಬತ್ತೋ ವರ್ಷ ಇದ್ದಾಗ ಪಹಣಿಯ ನಕಲು ತರಲು ಅಜ್ಜ ತಾಲ್ಲೂಕು ಕಚೇರಿಗೆ ಹೊರಟರು, ನಾನೂ ಜೊತೆಗೆ ಹೋದೆ. ಕಚೇರಿಗೆ ಹೋಗುವ ದಿನ ಅಜ್ಜನ ಉಡುಪು ಬೇರೆ. ನೀಲಿ ಅದ್ದಿ ಗಂಜಿ ಹಾಕಿದ ಪಂಚೆ, ತೋಳು ಮಡಚದ ಬಿಳಿ ಅಂಗಿ, ಹೆಗಲಿಗೆ ಜರಿಯಂಚಿನ ಶಲ್ಯ. ಸಂಚಿ ಮಾತ್ರ ಅದೇ. ಗುಮಾಸ್ತರ ಮುಂದಿನ ಬೆಂಚಿನಲ್ಲಿ ನಾವು ಬಹಳ ಹೊತ್ತು ಕುಳಿತಿದ್ದೆವು. ಗುಮಾಸ್ತರು ಒಂದು ದಪ್ಪ ಕಡತದ ದಾರದ ಗಂಟಿನೊಂದಿಗೆ ಸ್ವಲ್ಪ ಹೊತ್ತು ಗುದ್ದಾಡಿ, ತಲೆ ಎತ್ತಿ, ಬೆಂಚಿನ ಕಡೆ ನೋಡಿ, “ಹೆಗಡೇರೇ, ನಿಮ್ಮ ಚಾಕು ಸ್ವಲ್ಪ ಕೊಡಿ ಮಾರಾಯ್ರೇ” ಎಂದರು. ಅಜ್ಜನ ಬಳಿ ಚಾಕು ಇದೆಯೋ ಇಲ್ಲವೋ ಎಂದು ಅವರು ಕೇಳಲಿಲ್ಲ. ಇದ್ದೇ ಇರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅಜ್ಜ ಎದ್ದು ಹೋಗಿ, ಚಾಕುವನ್ನು ತೆರೆದು, ಹಿಡಿ ಅವರ ಕಡೆಗೆ ಬರುವಂತೆ ಮೇಜಿನ ಮೇಲೆ ಇಟ್ಟರು. ಅವರು ಎತ್ತಿಕೊಂಡು ದಾರ ಕತ್ತರಿಸಿ, ಪಕ್ಕದಲ್ಲಿದ್ದ ಕೆಂಪು-ನೀಲಿ ಪೆನ್ಸಿಲ್ಲಿನ ನೀಲಿ ತುದಿಯನ್ನೂ ಅದರಲ್ಲೇ ಹೆರೆದುಕೊಂಡು, ಮತ್ತೆ ಮೇಜಿನ ಮೇಲೆಯೇ ಇಟ್ಟರು. ಅಜ್ಜ ಎತ್ತಿಕೊಂಡು ಪಂಚೆಯ ಅಂಚಿಗೆ ಒರೆಸಿ ಮಡಚಿದರು. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಆ ನಂಬಿಕೆ ಹುಟ್ಟಿದ್ದು ಜಗಳದ ಭಯಕ್ಕೋ ಬೆರಳಿನ ಕಾಳಜಿಗೋ, ಪದ್ಧತಿಯಂತೂ ಒಳ್ಳೆಯದು.

ಆ ಕೋಣೆಯಲ್ಲಿ ಹದಿನೈದು ಜನರಾದರೂ ಇದ್ದರು. ಅವರಲ್ಲಿ ಒಬ್ಬರೂ ಅಜ್ಜನ ಕೈಯಲ್ಲಿದ್ದ ತೆರೆದ ಚಾಕುವನ್ನು ಎರಡನೆಯ ಸಲ ನೋಡಲಿಲ್ಲ. ಸರಕಾರಿ ಕಚೇರಿಯ ಒಳಗೆ, ಶುಭ್ರ ಬಟ್ಟೆ ತೊಟ್ಟ ಒಬ್ಬ ಮನುಷ್ಯ ಚಾಕು ತೆರೆದದ್ದು ಅಲ್ಲಿ ಕನ್ನಡಕ ತೆಗೆದಷ್ಟೇ ಸಹಜವಾಗಿತ್ತು. ಕಾಲ ಬದಲಾಗಿದೆ, ಹಳ್ಳಿಯವರ ನಡುವಿನ ಪರಿಚಯ ನಗರದಲ್ಲಿ ಇಲ್ಲ ಎಂದು ಇದಕ್ಕೆ ಸುಲಭದ ಉತ್ತರ ಕೊಡಬಹುದು, ಅದು ಸುಳ್ಳೂ ಅಲ್ಲ. ಆದರೆ ಚಾಕುವೂ ಬೇರೆಯಾಗಿತ್ತು ಎಂಬುದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಅಜ್ಜನ ಚಾಕುವಿನ ಹಿಡಿ ಮರದ್ದು. ಅಲಗು ಒಂದು ಬೆರಳಿನಷ್ಟು. ಅದನ್ನು ತೆರೆಯಲು ಎರಡೂ ಕೈ ಬೇಕಿತ್ತು, ಅಲಗಿನ ಮೇಲಿದ್ದ ಕಚ್ಚಿಗೆ ಉಗುರು ಸಿಕ್ಕಿಸಿ ನಿಧಾನವಾಗಿ ಎತ್ತಬೇಕಿತ್ತು. ಅದು ತೆರೆದುಕೊಳ್ಳುವುದನ್ನು ನೋಡುವವರಿಗೆ, ಈ ಮನುಷ್ಯ ಈಗ ಏನನ್ನೋ ಕೊಯ್ಯಲಿದ್ದಾನೆ ಎಂದು ಅರ್ಥಮಾಡಿಕೊಳ್ಳಲು ಪೂರ್ತಿ ಎರಡು ಸೆಕೆಂಡು ಸಿಗುತ್ತಿತ್ತು.

ಬಟ್ಟೆಗೆ ಒಗ್ಗುವ ತೂಕ

ಉಡುಪಿನ ಮಾತಿಗೆ ಬರುತ್ತೇನೆ, ಏಕೆಂದರೆ ಆಯ್ಕೆಯ ಅರ್ಧಭಾಗವನ್ನು ಬಟ್ಟೆಯೇ ಮಾಡುತ್ತದೆ. ಜೀನ್ಸಿಗೆ ಹೊಂದುವ ಚಾಕು ಕಚೇರಿಯ ಪ್ಯಾಂಟಿಗೆ ಹೊಂದುವುದಿಲ್ಲ. ಜೀನ್ಸಿನ ಬಟ್ಟೆ ದಪ್ಪ, ಜೇಬಿನ ಬಾಯಿ ಗಟ್ಟಿ, ಜೊತೆಗೆ ಬಲಜೇಬಿನೊಳಗೆ ಪುಟ್ಟದೊಂದು ಜೇಬು. ಇಸ್ತ್ರಿ ಮಾಡಿದ ಟೆರಿಕಾಟ್ ಅಥವಾ ತೆಳು ಉಣ್ಣೆಯ ಪ್ಯಾಂಟಿನಲ್ಲಿ ಜೇಬು ಓರೆಯಾಗಿ ಸೀಳಿದ್ದು, ಒಳಚೀಲ ತೆಳ್ಳನೆಯ ಬಿಳಿ ಹತ್ತಿಯದು. ನನ್ನ ಆ ಕಪ್ಪು ಚಾಕು ನೂರು ಗ್ರಾಮಿಗೂ ಹೆಚ್ಚು ತೂಗುತ್ತಿತ್ತು. ನಡೆಯುವಾಗ ತೊಡೆಗೆ ಬಡಿಯುತ್ತಿತ್ತು. ಕುಳಿತಾಗ ಬಟ್ಟೆಯ ಮೇಲೆ ಅದರ ಆಕಾರ ಅಚ್ಚಿನಂತೆ ಮೂಡುತ್ತಿತ್ತು. ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ಪು, 1981ರಲ್ಲಿ ಅಮೆರಿಕದ ಸ್ಪೈಡರ್ಕೊ ಕಂಪನಿ ತನ್ನ ಚಾಕುವಿಗೆ ಜೋಡಿಸಿದಾಗಿನಿಂದ ಬಳಕೆಗೆ ಬಂದದ್ದು, ಕೆಲಸದ ಪ್ಯಾಂಟಿಗೆ ಬಹಳ ಅನುಕೂಲ. ನನ್ನ ಎರಡು ಒಳ್ಳೆಯ ಪ್ಯಾಂಟುಗಳ ಜೇಬಿನ ಅಂಚಿನಲ್ಲಿ ಅದು ನೂಲೆಬ್ಬಿಸಿತು. ಕಾರಿನ ಸೀಟಿಗೂ ಕಚೇರಿಯ ಕುರ್ಚಿಯ ಕೈಗೂ ತರಚಿತು.

ಆದ್ದರಿಂದ ನನ್ನ ಮೊದಲ ನಿರ್ಧಾರ ತೂಕದ್ದಾಯಿತು: ಐವತ್ತು ಗ್ರಾಮಿಗಿಂತ ಕಡಿಮೆ, ಕ್ಲಿಪ್ಪಿಲ್ಲದ್ದು, ಮೂಲೆಗಳು ದುಂಡಗಿರುವಂಥದ್ದು. ಇದಿಷ್ಟನ್ನು ಬರೆದಿಟ್ಟುಕೊಂಡರೆ ಅಂಗಡಿಯ ಕಪಾಟಿನಲ್ಲಿರುವ ಮುಕ್ಕಾಲು ಪಾಲು ತಾನಾಗಿ ಬಿಟ್ಟುಹೋಗುತ್ತದೆ. ಉಳಿದವುಗಳಲ್ಲಿ ಮೂರನ್ನು ನಾನು ತಿಂಗಳುಗಟ್ಟಲೆ ಬಳಸಿ ನೋಡಿದೆ.

ಮೊದಲನೆಯದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಕ್ಲಾಸಿಕ್. ಮಡಚಿದಾಗ 58 ಮಿಲಿಮೀಟರ್, ತೂಕ 21 ಗ್ರಾಂ. ಕೀಲಿಗೊಂಚಲಿಗೆ ಸಿಕ್ಕಿಸಿದರೆ ಇನ್ನೊಂದು ಕೀಲಿ ಹೆಚ್ಚಾದಂತೆ, ಅಷ್ಟೇ. ಒಂದು ಪುಟ್ಟ ಅಲಗು, ಕತ್ತರಿ, ಉಗುರು ಉಜ್ಜುವ ಅರ, ಹಿಡಿಯೊಳಗೆ ಚಿಮಟ ಮತ್ತು ಹಲ್ಲುಕಡ್ಡಿ. ಇದರ ಕತ್ತರಿ ನಿಜಕ್ಕೂ ಒಳ್ಳೆಯ ಕತ್ತರಿ. ಅಂಗಿಯ ಗುಂಡಿಯ ಬಳಿ ಎದ್ದ ನೂಲನ್ನೂ ಮಾತ್ರೆಯ ಹಾಳೆಯನ್ನೂ ಚೊಕ್ಕವಾಗಿ ಕತ್ತರಿಸುತ್ತದೆ. ಅಲಗು ಮಾತ್ರ ನನ್ನ ಕೆಲಸಕ್ಕೆ ಸಾಲಲಿಲ್ಲ. ಮೂರೂವರೆ ಸೆಂಟಿಮೀಟರಿನ ಅಲಗಿನಿಂದ ಪ್ಯಾಕಿಂಗ್ ಟೇಪನ್ನು ಸೀಳಬಹುದು, ಲಕೋಟೆ ಬಿಡಿಸಬಹುದು. ದಪ್ಪ ಸೆಣಬಿನ ದಾರಕ್ಕೆ ಗರಗಸದ ಹಾಗೆ ಎಳೆದಾಡಬೇಕು. ಸೀಬೆಹಣ್ಣನ್ನು ಹೋಳು ಮಾಡಹೋದರೆ ಅರ್ಧಕ್ಕೇ ನಿಲ್ಲುತ್ತದೆ.

ಎರಡನೆಯದು ಒಪಿನೆಲ್. ಫ್ರಾನ್ಸಿನ ಸಾವೊಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ, ರೈತರ ಚಾಕು. ಬೀಚ್ ಮರದ ದುಂಡು ಹಿಡಿ, ತೆಳ್ಳನೆಯ ಅಲಗು, ಅಲಗು ಮಡಚಿಕೊಳ್ಳದಂತೆ ಬುಡದಲ್ಲಿ ತಿರುಗಿಸುವ ಉಕ್ಕಿನ ಉಂಗುರ. ಆ ಉಂಗುರ ಬಂದದ್ದು 1955ರಲ್ಲಿ. 6ನೆಯ ನಂಬರಿನ ಅಲಗು ಸುಮಾರು 7 ಸೆಂಟಿಮೀಟರ್, ತೂಕ ಒಂದು ಒಳ್ಳೆಯ ಪೆನ್ನಿಗಿಂತ ಹೆಚ್ಚೇನಿಲ್ಲ. ಇದನ್ನು ಕೈಗೆತ್ತಿಕೊಂಡಾಗ ನನಗೆ ಅಜ್ಜನ ಚಾಕುವೇ ಸಿಕ್ಕಂತಾಯಿತು. ಹಣ್ಣನ್ನು ಇದರಷ್ಟು ಚೆನ್ನಾಗಿ ಕೊಯ್ಯುವ ಜೇಬಿನ ಚಾಕುವನ್ನು ನಾನು ಕಂಡಿಲ್ಲ. ಆದರೆ ಬೆಂಗಳೂರಿನ ಮಳೆಗಾಲದಲ್ಲಿ, ಬೆವರಿನಲ್ಲಿ, ಮರ ಊದಿಕೊಂಡು ಅಲಗು ಬಿಗಿಯಾಗುತ್ತದೆ, ಉಗುರಿಗೆ ಜಗ್ಗುವುದಿಲ್ಲ. ಸ್ಟೇನ್‌ಲೆಸ್ ಅಲ್ಲದ ಹಳೆಯ ಮಾದರಿಯ ಉಕ್ಕನ್ನು ಕೊಂಡರೆ ನಿಂಬೆ, ಮಾವಿನಕಾಯಿ ತಾಗಿದ ತಕ್ಷಣ ಕಲೆಯಾಗುತ್ತದೆ. ತೋಟದ ಮನುಷ್ಯನ ಕೈಯಲ್ಲಿ ಆ ಕಪ್ಪು ಶೋಭಿಸುತ್ತದೆ, ಬಿಳಿ ಅಂಗಿಯ ತೋಳಿಗೆ ತಾಗಿದರೆ ಹೋಗುವುದಿಲ್ಲ.

ಮೂರನೆಯದು, ಈಗ ನನ್ನ ಬಳಿ ಇರುವುದು, ವಿಕ್ಟೋರಿನಾಕ್ಸ್‌ನದೇ ಕೆಡೆಟ್. ಮಡಚಿದಾಗ 84 ಮಿಲಿಮೀಟರ್, 50 ಗ್ರಾಮಿಗಿಂತ ತುಸು ಕಡಿಮೆ. ಹೊರಕವಚ ಪ್ಲಾಸ್ಟಿಕ್ಕಿನದಲ್ಲ, ಸಣ್ಣ ಚೌಕಳಿಯ ಉಬ್ಬು ಮೂಡಿಸಿದ ಬೆಳ್ಳಿಬಣ್ಣದ ಅಲ್ಯುಮಿನಿಯಮ್. ಅಲಗು 6 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಜೊತೆಗೆ ಉಗುರಿನ ಅರ, ಡಬ್ಬಿ ತೆರೆಯುವ ಕೊಕ್ಕೆ, ಬಾಟಲಿಯ ಮುಚ್ಚಳ ತೆಗೆಯುವ ಹಲ್ಲು, ಅವುಗಳ ತುದಿಯಲ್ಲಿ ಸ್ಕ್ರೂಡ್ರೈವರು. ಕತ್ತರಿ ಇಲ್ಲ, ಅದೊಂದು ಕೊರತೆ. ಆದರೆ ಚಪ್ಪಟೆಯಾಗಿದೆ. ಪ್ಯಾಂಟಿನ ಜೇಬಿನಲ್ಲಿ ಕರವಸ್ತ್ರದ ಮಡಿಕೆಯೊಳಗೆ ಇಟ್ಟರೆ ಹೊರಗಿನಿಂದ ಏನೂ ತಿಳಿಯುವುದಿಲ್ಲ, ತೊಡೆಗೆ ಬಡಿಯುವುದೂ ಇಲ್ಲ.

ವಿಕ್ಟೋರಿನಾಕ್ಸ್ ಮನೆತನದ ಚಾಕುಗಳ ಇತಿಹಾಸದಲ್ಲಿ ನನಗೆ ಇಷ್ಟವಾದ ಒಂದು ಸಂಗತಿಯಿದೆ. ಸ್ವಿಟ್ಜರ್ಲೆಂಡಿನ ಇಬಾಕ್ ಎಂಬ ಊರಿನ ಕಾರ್ಲ್ ಎಲ್ಸೆನರ್ 1884ರಲ್ಲಿ ಚಾಕು ಮಾಡುವ ಕಮ್ಮಟ ತೆರೆದು, 1891ರಲ್ಲಿ ತಮ್ಮ ದೇಶದ ಸೈನಿಕರಿಗೆ ಚಾಕು ಪೂರೈಸತೊಡಗಿದರು. ಅದು ಡಬ್ಬಿ ತೆರೆಯುವುದಕ್ಕೂ ಬಂದೂಕನ್ನು ಬಿಚ್ಚಿ ಜೋಡಿಸುವುದಕ್ಕೂ ಮಾಡಿದ ಭಾರದ, ಗಟ್ಟಿ ಚಾಕು. ಅಧಿಕಾರಿಗಳ ಉಡುಪಿಗೆ ಅದು ಒರಟಾಯಿತೆಂದು ಅವರು ಇನ್ನೊಂದನ್ನು, ಹಗುರವಾದ, ತೆಳುವಾದ, ಎರಡನೆಯ ಪುಟ್ಟ ಅಲಗು ಇದ್ದ ಚಾಕುವನ್ನು ರೂಪಿಸಿ 1897ರ ಜೂನ್ 12ರಂದು ನೋಂದಾಯಿಸಿದರು. ಸೈನ್ಯ ಅದನ್ನು ತನ್ನ ಖರ್ಚಿನಲ್ಲಿ ಕೊಡಲಿಲ್ಲ, ಅಧಿಕಾರಿಗಳು ತಾವೇ ಹಣ ಕೊಟ್ಟು ಕೊಂಡರು. ಇಂದು ಜಗತ್ತೆಲ್ಲ ಸ್ವಿಸ್ ಸೈನ್ಯದ ಚಾಕು ಎಂದು ಕರೆಯುವುದು ಈ ಎರಡನೆಯದರ ವಂಶವನ್ನು. ಒಳ್ಳೆಯ ಬಟ್ಟೆಯ ಜೇಬಿಗೆ ಒಗ್ಗುವ ಚಾಕು ಬೇಕೆಂಬ ಹುಡುಕಾಟ ನನ್ನೊಬ್ಬನದಲ್ಲ ಎಂದು ಇದನ್ನು ಓದಿದಾಗ ಅನ್ನಿಸಿತು.

ಸದ್ದು ಮತ್ತು ರೂಪ

ನಮ್ಮ ಪತ್ರಿಕೆಗಳಲ್ಲಿ ‘ಚಾಕು’ ಎಂಬ ಪದ ಒಂಟಿಯಾಗಿ ಬರುವುದು ಅಪರೂಪ. ಅದರ ಹಿಂದೆಯೇ ‘ಇರಿತ’ ಬರುತ್ತದೆ. ಈಳಿಗೆಮಣೆಯಿಂದ, ಮೆಟ್ಟುಗತ್ತಿಯಿಂದ ಯಾರಿಗೂ ಭಯವಿಲ್ಲ. ಅವುಗಳ ಹೆಸರಿನಲ್ಲಿಯೇ ಮಣೆಯೂ ಇದೆ, ಮೆಟ್ಟೂ ಇದೆ, ಕುಳಿತು ಕೆಲಸ ಮಾಡುವ ಭಂಗಿಯಿದೆ. ಮಡಚುವ ಚಾಕುವಿನ ಅದೃಷ್ಟ ಹಾಗಿಲ್ಲ. ಉತ್ತರ ಪ್ರದೇಶದ ರಾಂಪುರದ ಕುಶಲಕರ್ಮಿಗಳು ಮಾಡುತ್ತಿದ್ದ ಉದ್ದನೆಯ ಚಾಕುಗಳು ಹಿಂದಿ ಸಿನಿಮಾದ ಖಳನಾಯಕರ ಕೈಗೆ ಸಿಕ್ಕು, ಅವು ತೆರೆದುಕೊಳ್ಳುವ ಸದ್ದನ್ನು ದೇಶದ ಎಲ್ಲರ ಕಿವಿಗೂ ತುಂಬಿಬಿಟ್ಟಿವೆ. ಆ ಹುಡುಗಿ ಹಿಂದೆ ಸರಿದದ್ದು ನನ್ನ ಕೈಯಲ್ಲಿದ್ದ ವಸ್ತುವನ್ನು ಕಂಡಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಆಕೆ ಲ್ಯಾಪ್‌ಟಾಪಿನ ಪರದೆ ನೋಡುತ್ತಿದ್ದಳು. ಮೊದಲು ಸದ್ದು ಕೇಳಿದಳು, ಆಮೇಲೆ ತಲೆ ಎತ್ತಿದಳು.

ಹೀಗಾಗಿ ಒಂದೇ ಕೈಯಲ್ಲಿ ತೆರೆಯುವ, ಸ್ಪ್ರಿಂಗಿನ ಬಲದಿಂದ ಹಾರಿಬರುವ, ಲಾಕ್ ಆಗಿ ಸದ್ದು ಮಾಡುವ ಯಾವ ಚಾಕುವೂ ಕಚೇರಿಗೆ ಬೇಡ ಎಂಬುದು ನನ್ನ ಎರಡನೆಯ ನಿರ್ಧಾರ. ಇದಕ್ಕೆ ಬೆಲೆ ತೆರಬೇಕಾಗುತ್ತದೆ. ಲಾಕ್ ಇಲ್ಲದ ಚಾಕುವಿನ ಅಲಗನ್ನು ಹಿಡಿಯ ಬೆನ್ನಿನೊಳಗಿನ ಉಕ್ಕಿನ ಪಟ್ಟಿಯೊಂದು ತಡೆದು ನಿಲ್ಲಿಸಿರುತ್ತದೆ, ಅಷ್ಟೇ. ಮೊನೆಯಿಂದ ಏನನ್ನಾದರೂ ಚುಚ್ಚಲು ಹೋದರೆ ಅಲಗು ಮಡಚಿಕೊಂಡು ಬೆರಳಿನ ಮೇಲೆ ಬೀಳಬಹುದು. ಮೊದಲ ತಿಂಗಳಲ್ಲೇ ನನ್ನ ತೋರುಬೆರಳಿಗೆ ಹಾಗಾಯಿತು. ರಟ್ಟಿನ ಪೆಟ್ಟಿಗೆಯನ್ನು ಚುಚ್ಚಿ ತೆರೆಯುವ ಅಭ್ಯಾಸವನ್ನು ಬಿಟ್ಟು, ಅಲಗಿನ ಹೊಟ್ಟೆಯಿಂದ ನನ್ನಿಂದ ಆಚೆಗೆ ಸೀಳುವುದನ್ನು ಕಲಿತೆ. ಚಾಕು ನಿಧಾನವಾದಾಗ ಕೈಯೂ ನಿಧಾನವಾಗಬೇಕು. ಅದು ನಷ್ಟವೆಂದು ನನಗೆ ಅನ್ನಿಸಲಿಲ್ಲ.

ರೂಪದ ವಿಷಯದಲ್ಲಿಯೂ ಹಾಗೆಯೇ. ಅಲಗಿನ ಪಕ್ಕದಲ್ಲಿ ಇನ್ನೊಂದು ಉಪಕರಣ ಕಾಣುತ್ತಿದ್ದರೆ ನೋಡುವವರು ಅದನ್ನು ಹತಾರದ ಪೆಟ್ಟಿಗೆಯ ಲೆಕ್ಕಕ್ಕೆ ಸೇರಿಸುತ್ತಾರೆ. ಅದೇ ಉದ್ದದ ಅಲಗು ಒಂಟಿಯಾಗಿ, ಕಪ್ಪಾಗಿ, ಚೂಪು ಮೊನೆಯೊಂದಿಗೆ ಬಂದರೆ ಆಯುಧದ ಲೆಕ್ಕಕ್ಕೆ ಸೇರಿಸುತ್ತಾರೆ. ಕಚೇರಿಗೂ ಚಾಕುವಿಗೂ ಹಳೆಯ ನಂಟಿದೆ ಎಂಬುದನ್ನು ನಾವು ಮರೆತಿದ್ದೇವೆ. ಪೆನ್‌ನೈಫ್ ಎಂಬ ಹೆಸರು ಬಂದದ್ದೇ ಹಕ್ಕಿಯ ಗರಿಯ ಲೇಖನಿಯ ತುದಿಯನ್ನು ಹೆರೆಯುವ ಕೆಲಸದಿಂದ. ಓಲೆಗರಿಯಲ್ಲಿ ಬರೆಯುತ್ತಿದ್ದ ನಮ್ಮ ದಕ್ಷಿಣದ ಲಿಪಿಕಾರರ ಕಂಟಗಳಲ್ಲಿ, ಅಂದರೆ ಗರಿಯ ಮೇಲೆ ಗೀರಿ ಬರೆಯುವ ಲೋಹದ ಕಡ್ಡಿಗಳಲ್ಲಿ, ಕೆಲವಕ್ಕೆ ಗರಿಯ ಅಂಚು ಸವರಲು ಮಡಚುವ ಅಲಗೊಂದು ಕೂಡಿಕೊಂಡೇ ಇರುತ್ತಿತ್ತು. ಬರೆಯುವವನ ಮೇಜಿನ ಮೇಲೆ ಚಾಕು ಇಲ್ಲದಿದ್ದದ್ದು ಬಾಲ್‌ಪೆನ್ನು ಬಂದ ಮೇಲಿನ ಮಾತು.

ದಾಟಬಾರದ ಬಾಗಿಲುಗಳು

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧವೆಂದು ಎಣಿಸುತ್ತವೆ. ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ತಯಾರಾದವು ಇದರಿಂದ ಹೊರಗೆ. ಜೇಬಿನ ಚಾಕು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಗುಂಡಿ ಒತ್ತಿದರೆ, ಸ್ಪ್ರಿಂಗಿನಿಂದ ಅಥವಾ ಬೇರೆ ಯಾಂತ್ರಿಕ ವ್ಯವಸ್ಥೆಯಿಂದ ತೆರೆದುಕೊಳ್ಳುವ ಚಾಕುಗಳಿಗೆ ಬೇರೆಯೇ ಮಿತಿ ಹಾಕಿತು: ಉದ್ದ 7.62 ಸೆಂಟಿಮೀಟರ್, ಅಗಲ 1.72. ಬ್ರಿಟನ್ನಿನ 1988ರ ಕಾಯ್ದೆ ಅಲಗಿನ ಹರಿತ 3 ಇಂಚು ಮೀರದ ಮಡಚುವ ಜೇಬುಚಾಕುವನ್ನು ಕಾರಣ ಕೊಡದೆಯೇ ಇಟ್ಟುಕೊಳ್ಳಲು ಬಿಡುತ್ತದೆ, ಆದರೆ ತೆರೆದ ಮೇಲೆ ಲಾಕ್ ಆಗುವ ಚಾಕುವನ್ನು ಅಲ್ಲಿನ ನ್ಯಾಯಾಲಯಗಳು ಈ ವಿನಾಯಿತಿಯೊಳಗೆ ಸೇರಿಸಿಲ್ಲ. 3 ಇಂಚು ಎಂದರೆ 7.62 ಸೆಂಟಿಮೀಟರೇ. ಎರಡು ದೂರದ ಊರುಗಳ ಕಾನೂನು ಒಂದೇ ಅಳತೆಗೆ ಬಂದು ನಿಂತದ್ದಕ್ಕಿಂತ, ಎರಡೂ ಉದ್ದದ ಜೊತೆಗೆ ಚಾಕು ವರ್ತಿಸುವ ರೀತಿಯನ್ನು ನೋಡಿವೆ ಎಂಬುದು ನನಗೆ ಮುಖ್ಯವಾಗಿ ಕಂಡಿತು. ನಮ್ಮ ಹಿರಿಯರು ಮೆಟ್ಟಿಲ ಮೇಲೆ ಹೇಳಿದ್ದೂ ಅದನ್ನೇ.

ಕಾನೂನು ಬಿಟ್ಟರೂ ಬಾಗಿಲುಗಳು ಬಿಡುವುದಿಲ್ಲ. ನಾನು ಒಪಿನೆಲ್ ಕಳೆದುಕೊಂಡದ್ದು ವಿಮಾನ ನಿಲ್ದಾಣದಲ್ಲಿ. ಎರಡು ದಿನದ ಕೆಲಸಕ್ಕೆ ಹೈದರಾಬಾದಿಗೆ ಹೊರಟವನು ಒಂದೇ ಕೈಚೀಲ ಹಿಡಿದಿದ್ದೆ, ಅದರ ಹೊರಜೇಬಿನಲ್ಲಿ ಚಾಕು ಇದ್ದದ್ದು ಮರೆತೇಹೋಗಿತ್ತು. ವಿಮಾನದೊಳಕ್ಕೆ ಒಯ್ಯುವ ಚೀಲದಲ್ಲಿ ಚಾಕು ಎಷ್ಟೇ ಚಿಕ್ಕದಿದ್ದರೂ ಇಲ್ಲಿ ಬಿಡುವುದಿಲ್ಲ, ಕೆಳಗೆ ಹಾಕುವ ಸಾಮಾನಿನಲ್ಲಿ ಇಡಬೇಕು. ಭದ್ರತಾ ಸಿಬ್ಬಂದಿ ಸೌಜನ್ಯದಿಂದಲೇ, ಹಿಂದಕ್ಕೆ ಹೋಗಿ ಚೀಲವನ್ನು ಸಾಮಾನಿಗೆ ಹಾಕಿಬರುತ್ತೀರಾ ಎಂದು ಕೇಳಿದರು. ಸಮಯವಿರಲಿಲ್ಲ. ಎಂಟು ತಿಂಗಳು ನನ್ನ ಕೈಯ ಎಣ್ಣೆ ಕುಡಿದು ಬಣ್ಣ ತಿರುಗಿದ್ದ ಆ ಮರದ ಹಿಡಿ ಪಾರದರ್ಶಕ ಪೆಟ್ಟಿಗೆಯೊಳಗೆ ನೂರಾರು ಉಗುರುಕತ್ತರಿಗಳ ಮೇಲೆ ಬಿದ್ದದ್ದನ್ನು ನೋಡಿ ಮುಂದೆ ನಡೆದೆ. ತಪ್ಪು ಪೂರ್ತಿ ನನ್ನದು. ಅಜ್ಜ ಸಂಚಿಯನ್ನು ಎಂದೂ ಮರೆತವರಲ್ಲ, ಅದರಲ್ಲಿ ಏನೇನಿದೆ ಎಂಬುದನ್ನೂ.

ಮೆಟ್ರೊದಲ್ಲಿ ಹೋಗುವ ದಿನ ನಾನು ಚಾಕುವನ್ನು ಕಚೇರಿಯ ಡ್ರಾಯರಿನಲ್ಲೇ ಬಿಟ್ಟುಬರುತ್ತೇನೆ. ಒಮ್ಮೆ ಚೀಲ ತಪಾಸಿಸುವ ಯಂತ್ರದ ಹಿಂದೆ ಕುಳಿತಿದ್ದ ಹೆಣ್ಣುಮಗಳು ಚಾಕುವನ್ನು ಹೊರತೆಗೆಸಿ, ತಿರುಗಿಸಿ ನೋಡಿ, “ಹಣ್ಣು ಕೊಯ್ಯೋಕಾ ಸರ್? ಆದ್ರೂ ಬಿಡೋ ಹಾಗಿಲ್ಲ” ಎಂದರು. ಅದು ಏತಕ್ಕೆಂದು ಅವರಿಗೆ ನೋಡಿದೊಡನೆ ತಿಳಿದಿತ್ತು ಎಂಬುದೇ ನನಗೆ ಸಮಾಧಾನ ಕೊಟ್ಟಿತು. ವಾದಿಸದೆ ಹೊರಗೆ ಬಂದು ಬಸ್ಸು ಹಿಡಿದೆ. ಅಪರಿಚಿತರು ಸಾವಿರಗಟ್ಟಲೆ ಒತ್ತಿಕೊಂಡು ನಿಲ್ಲುವ ಜಾಗದಲ್ಲಿ ಒಬ್ಬೊಬ್ಬರ ಉದ್ದೇಶವನ್ನು ಅಳೆಯುತ್ತ ಕೂರಲು ಅವರಿಂದ ಆಗದು.

ಕುಪ್ಯದ ಜೊತೆಗೆ ಬಂದ ಕತ್ತಿ

ಕಳೆದ ವರ್ಷ ಸಹೋದ್ಯೋಗಿಯೊಬ್ಬರ ಮದುವೆಗೆ ವಿರಾಜಪೇಟೆಗೆ ಹೋಗಿದ್ದೆವು. ದಿನವೂ ತಿಳಿನೀಲಿ ಅಂಗಿಯಲ್ಲಿ ನಮ್ಮ ಪಕ್ಕದ ಮೇಜಿನಲ್ಲಿ ಕೂರುವ ಮನುಷ್ಯ ಅಂದು ಕೊಡವರ ನಿಲುವಂಗಿಯಾದ ಬಿಳಿ ಕುಪ್ಯ ತೊಟ್ಟು, ನಡುವಿಗೆ ಕೆಂಪು ರೇಷ್ಮೆಯ ಚೇಲೆ ಬಿಗಿದು, ಅದರ ಮುಂದೆ ಬೆಳ್ಳಿಯ ಕೆಲಸ ಮಾಡಿದ ಒರೆಯಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡು ನಿಂತಿದ್ದರು. ಸುತ್ತಲಿನ ಹಿರಿಯರು ಕಪ್ಪು ಕುಪ್ಯದಲ್ಲಿ, ಅವರ ನಡುವಿನಲ್ಲಿಯೂ ಅದೇ. ಕೊಡವರಲ್ಲಿ ಅದು ಉಡುಪಿನೊಳಗೆ ಬಚ್ಚಿಟ್ಟ ವಸ್ತುವಲ್ಲ, ಉಡುಪಿನದೇ ಭಾಗ. ಅದಿಲ್ಲದಿದ್ದರೆ ಉಡುಪು ಪೂರ್ತಿಯಾಗುವುದಿಲ್ಲ. ಸಭೆಯಲ್ಲಿ ಮಕ್ಕಳು ಅವರ ಮೊಣಕಾಲಿಗೆ ತೂಗಾಡುತ್ತಿದ್ದವು, ಅಜ್ಜಿಯರು ಪಕ್ಕದಲ್ಲೇ ಕುಳಿತಿದ್ದರು.

ಅಲ್ಲಿ ಒಬ್ಬ ಹಿರಿಯರ ಪೀಚೆಕತ್ತಿಯ ಒರೆಯಿಂದ ಬೆಳ್ಳಿಯ ಸರಪಳಿ ಇಳಿಬಿದ್ದಿತ್ತು, ಸರಪಳಿಯ ತುದಿಯಲ್ಲಿ ಚಿಕ್ಕ ಚಿಕ್ಕ ಉಪಕರಣಗಳು. ಕೇಳಿದಾಗ ಅವರು ಒಂದೊಂದಾಗಿ ತೋರಿಸಿದರು: ಇದು ಚಿಮಟ, ಇದು ಕಿವಿಯ ಗುಗ್ಗೆ ತೆಗೆಯುವುದು, ಇದು ಉಗುರು ಸ್ವಚ್ಛ ಮಾಡುವುದು. ನಾನು ಜೇಬಿನಿಂದ ಕೀಲಿಗೊಂಚಲು ತೆಗೆದು ಆ ಪುಟ್ಟ ಕ್ಲಾಸಿಕ್‌ನ ಹಿಡಿಯೊಳಗಿನ ಚಿಮಟವನ್ನು ಎಳೆದು ತೋರಿಸಿದೆ. ಅವರು ಅದನ್ನು ಬೆರಳಿನಲ್ಲಿ ಹಿಡಿದು, ಎರಡು ಸಲ ಒತ್ತಿ ನೋಡಿ, “ನಿಮ್ಮದೂ ಇದೇ ಅಲ್ಲವಾ?” ಎಂದರು. ಜನರ ನಡುವೆ ಹೋಗುವ ಮನುಷ್ಯ ತನ್ನ ಮೈಯ, ಬಟ್ಟೆಯ, ಕೆಲಸದ ಸಣ್ಣಪುಟ್ಟ ಅಗತ್ಯಗಳಿಗೆ ಇನ್ನೊಬ್ಬರನ್ನು ಕಾಡದೆ ತಾನೇ ಸಿದ್ಧನಾಗಿರಬೇಕೆಂಬ ಶಿಷ್ಟಾಚಾರ ಎರಡರಲ್ಲಿಯೂ ಒಂದೇ. ನಮ್ಮ ಪ್ಯಾಂಟು-ಅಂಗಿ ಎರವಲು ತಂದ ಉಡುಪು, ಅದಕ್ಕೆ ನಡುಪಟ್ಟಿಯಲ್ಲಿ ಕತ್ತಿಗೆ ಜಾಗವಿಲ್ಲ. ಜಾಗವಿಲ್ಲದ ಕಡೆ ಜಾಗ ಮಾಡಿಕೊಳ್ಳುವವನು ಇನ್ನಷ್ಟು ಎಚ್ಚರದಿಂದ ಇರಬೇಕಾಗುತ್ತದೆ.

ಹೆಂಗಸರ ಕಚೇರಿ ಉಡುಪಿಗೆ ಆ ಜಾಗವೂ ಇಲ್ಲ. ಸೀರೆಗೆ ಜೇಬಿಲ್ಲ, ಕುರ್ತಾಗಳಿಗೆ ಇದ್ದರೂ ಮೊಬೈಲು ಹಿಡಿಯುವಷ್ಟು ಆಳವಿಲ್ಲ. ಹಾಗಾಗಿ ಚಾಕು ಕೈಚೀಲಕ್ಕೆ ಹೋಗುತ್ತದೆ, ಕೈಚೀಲದ ತಳದಿಂದ ಅದನ್ನು ಹುಡುಕಿ ತೆಗೆಯುವುದರೊಳಗೆ ಬೇರೆ ಯಾರೋ ದಾರವನ್ನು ಹಲ್ಲಿನಿಂದ ಕಡಿದಿರುತ್ತಾರೆ. ಇದನ್ನು ನನಗೆ ಹೇಳಿದ್ದು ಅದೇ ಹುಡುಗಿ, ಈ ಏಪ್ರಿಲ್‌ನಲ್ಲಿ. ಆಕೆಯ ಆರ್ಟಿಕಲ್‌ಶಿಪ್ ಮುಗಿಯುತ್ತ ಬಂದಿತ್ತು. ಮತ್ತೊಂದು ಸಂಸ್ಥೆಯ ಮತ್ತೊಂದು ಕೋಣೆ, ಮೇಜಿನ ಮೇಲೆ ಅದೇ ಬಗೆಯ ಕಟ್ಟು. ಆಕೆ ಪರದೆಯಿಂದ ಕಣ್ಣು ತೆಗೆಯದೆ, “ಸರ್, ನಿಮ್ಮ ಚಾಕು” ಎಂದು ಕೈ ಚಾಚಿದಳು. ನಾನು ಅದನ್ನು ಮಡಚಿದಂತೆಯೇ ಮೇಜಿನ ಮೇಲೆ ಇಟ್ಟೆ. ಆಕೆ ಚಾಚಿದ ಕೈಯನ್ನು ಹಾಗೆಯೇ ಮೇಜಿಗೆ ಇಳಿಸಿ ಎತ್ತಿಕೊಂಡು, ಉಗುರಿನಿಂದ ಅಲಗನ್ನು ಬಿಡಿಸಿ, ದಾರ ಕತ್ತರಿಸಿ, ಸೆಣಬಿನ ಎಳೆಗಳನ್ನು ಕರವಸ್ತ್ರದಿಂದ ಒರೆಸಿ ಮಡಚಿಟ್ಟಳು. ಆಮೇಲೆ, ಇಂಥದ್ದೇ ಒಂದು ತನಗೂ ಬೇಕು, ಆದರೆ ಕತ್ತರಿ ಇರಬೇಕು, ಕೀಲಿಗೊಂಚಲಿಗೆ ಸಿಕ್ಕಿಸುವಂತಿರಬೇಕು, ಯಾವುದು ಕೊಳ್ಳಲಿ ಎಂದು ಕೇಳಿದಳು.

ಆಕೆ ಕೊಂಡದ್ದು ಕೆಂಪು ಬಣ್ಣದ ಕ್ಲಾಸಿಕ್. ಅಲಗು ಚಿಕ್ಕದಾಯಿತೆಂದು ನಾನು ಎಚ್ಚರಿಸಿದ್ದೆ. ದಾರಕ್ಕೆ ತಾನು ಕತ್ತರಿಯನ್ನೇ ಬಳಸುತ್ತೇನೆ ಎಂದಳು, ಬಳಸುತ್ತಿದ್ದಾಳೆ ಕೂಡ. ಎರಡು ಸಲ ಕತ್ತರಿಸಬೇಕು, ಆದರೆ ಬೆರಳಿಗೆ ಅಪಾಯವಿಲ್ಲ. ಆಕೆಯೂ ಮೆಟ್ರೊದಲ್ಲಿ ಬರುವವಳು. ಸಂಜೆ ಹೊರಡುವ ಮೊದಲು ಗೊಂಚಲಿನಿಂದ ಅದನ್ನು ಬಿಡಿಸಿ ನನ್ನ ಮೇಜಿನ ಡ್ರಾಯರಿನಲ್ಲಿ, ನನ್ನದರ ಪಕ್ಕ ಇಟ್ಟುಹೋಗುತ್ತಾಳೆ.